ಲಕ್ವಾ ಹೊಡೆದ ಮೇಲೆ

ಬೈಲಹೊಂಗಲದಿಂದ ರಾಮದುರ್ಗದವರೆಗೆ ಜನ ಪಾರ್ಶ್ವವಾಯುವನ್ನು ಕರೆಯುವುದು 'ಲಕ್ವಾ' ಎಂದೇ. ಅರಬ್ಬಿಯಿಂದ ಬಂದ ಈ ಶಬ್ದಕ್ಕೆ ಮೂಲದಲ್ಲಿ ಮುಖ ಸೊಟ್ಟಗಾಗುವ ರೋಗವೆಂದು ಅರ್ಥ. ಸಂಸ್ಕೃತದ ಹೆಸರಾದರೋ ತಪ್ಪನ್ನು ವಾಯುವಿನ ಮೇಲೆ ಹೊರಿಸುತ್ತದೆ. ಹೆಸರು ಯಾವುದೇ ಇರಲಿ, ಹಾಸಿಗೆಯ ಬಳಿ ನಿಂತ ಮನೆಯವರ ಪ್ರಶ್ನೆ ಒಂದೇ: "ಮತ್ತ ಎದ್ದು ಅಡ್ಡಾಡತಾರೇನ್ರೀ?"

ಬಹುಪಾಲು ಲಕ್ವಾಕ್ಕೆ ಕಾರಣ, ಮಿದುಳಿಗೆ ರಕ್ತವನ್ನೊಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು. ಕಾಲುವೆಯಲ್ಲಿ ಹೂಳು ಕಟ್ಟಿದರೆ ಸವದತ್ತಿಯ ನವಿಲುತೀರ್ಥದ ನೀರು ಕೆಳಗಿನ ಹೊಲವನ್ನು ಮುಟ್ಟುವುದಿಲ್ಲವಷ್ಟೆ. ಪೈರು ಕೆಲವು ದಿನ ತಾಳೀತು, ಮಿದುಳು ತಾಳದು. ದೊಡ್ಡ ನಾಳ ಮುಚ್ಚಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಅಳಿಯುತ್ತವೆಂದು 2006ರ ಒಂದು ಲೆಕ್ಕ ಹೇಳುತ್ತದೆ.

ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು, ರಕ್ತಸ್ರಾವದಿಂದ ಬಂದ ಲಕ್ವಾದಲ್ಲಿ ಆ ಮದ್ದೇ ಪ್ರಾಣಕ್ಕೆ ಎರವಾದೀತು. ಆಯ್ದ ಕೆಲವು ರೋಗಿಗಳಲ್ಲಿ 24 ಗಂಟೆಯವರೆಗೂ ಹೆಪ್ಪನ್ನು ಹೊರಕ್ಕೆಳೆಯುವ ಚಿಕಿತ್ಸೆಯುಂಟು. ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಧಾರವಾಡ, ಬೆಳಗಾವಿಗಳೆರಡೂ ಸಮೀಪ. ರಾಮದುರ್ಗದ ಹಳ್ಳಿಗಳಿಗೆ ಹಾಗಲ್ಲ. ಬಾಯಿ ಸೊಟ್ಟಗಾಗಿ, ತೋಳು ಸೋತು, ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ಎಲೆಮದ್ದು ಹುಡುಕುತ್ತ ಕಳೆದ ಗಂಟೆ ಮರಳಿ ಬಾರದು.

ಇನ್ನು ಆ ಪ್ರಶ್ನೆಗೆ ಉತ್ತರ. ಆರಂಭದಲ್ಲಿ ನಡೆಯಲಾಗದವರಲ್ಲಿಯೂ ಅನೇಕರು ಮತ್ತೆ ನಡೆಯುತ್ತಾರೆ. ಚೇತರಿಕೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು; ಆಮೇಲೆ ನಿಧಾನವಾದರೂ ನಿಂತುಹೋಗುವುದಿಲ್ಲ. ಅಳಿದ ಕೋಶಗಳ ಕೆಲಸವನ್ನು ಉಳಿದ ಭಾಗಗಳು ಕಲಿಯಬೇಕು. ಕಲಿಕೆಗೆ ಅಭ್ಯಾಸವೇ ಗುರು. ಕಾಲಿಗಿಂತ ಕೈ ಹಲವರಲ್ಲಿ ತಡವಾಗಿ ತಿರುಗುತ್ತದೆ. ನುಂಗುವ ಶಕ್ತಿಯನ್ನು ಪರೀಕ್ಷಿಸುವ ತನಕ ನೀರನ್ನೂ ಬಾಯಿಗೆ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿದೀತು.

ಮಾತು ಹೋದವರ ಬುದ್ಧಿಯೂ ಹೋಯಿತೆಂದು ತಿಳಿಯಬೇಡಿ. ಮಾತಾಡಲಾರದ ತಂದೆಯ ಎದುರಿನಲ್ಲೇ "ಇವರದಿನ್ನು ಇಷ್ಟೇ" ಎನ್ನುವ ಮಕ್ಕಳು, ಆತ ಅದನ್ನು ಕೇಳುತ್ತಿದ್ದಾನೆಂಬುದನ್ನು ಮರೆಯುತ್ತಾರೆ. ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕವಿಯುತ್ತದೆ, ಅದಕ್ಕೂ ಚಿಕಿತ್ಸೆಯಿದೆ.

ಐದು ವರ್ಷಗಳೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಲಕ್ವಾ ಮರುಕಳಿಸುತ್ತದೆ. ಗುಣ ಕಂಡಿತೆಂದು ರಕ್ತದೊತ್ತಡದ ಗುಳಿಗೆ ಬಿಡುವುದು, ತಂಬಾಕಿಗೆ ಮರಳುವುದು ಅದಕ್ಕೆ ಆಮಂತ್ರಣವಿತ್ತಂತೆಯೇ ಸರಿ. ವೈದ್ಯರು ಎಬ್ಬಿಸಿ ನಿಲ್ಲಿಸಿಯಾರು. ದಿನವೂ ಕೈಹಿಡಿದು ಅಂಗಳದಲ್ಲಿ ನಡೆಸಬೇಕಾದವರು ಮನೆಯವರೇ ಅಲ್ಲವೇ?