ಕಾರಿನೊಳಗಿನ ಕಂಟೇನರ್‌ಗಳಿಗೆ ಮೇಸ್ತ್ರಿ ಯಾರು?

ಕಾರಿನಲ್ಲಿ ಎಂಜಿನ್‌ಗೆ, ಬ್ರೇಕ್‌ಗೆ, ಕಿಟಕಿಗೆ ಎಂದು ಒಂದೊಂದು ಇಸಿಯು, ಅಂದರೆ ಪುಟ್ಟ ನಿಯಂತ್ರಣ ಕಂಪ್ಯೂಟರ್ ಇರುತ್ತದೆ. ಇವುಗಳಲ್ಲಿ ಹಲವು ಕೆಲಸಗಳನ್ನು ಈಗ ಒಂದೆರಡು ದೊಡ್ಡ ಕಂಪ್ಯೂಟರ್‌ಗಳಿಗೇ ವಹಿಸಲಾಗುತ್ತಿದೆ. ಆಗ ಬೇರೆ ಬೇರೆ ಕಂಪನಿಗಳು ಬರೆದ ನಕ್ಷೆ, ಧ್ವನಿ ಸಹಾಯಕ, ಬ್ಯಾಟರಿ ಲೆಕ್ಕ ಎಲ್ಲವೂ ಒಂದೇ ಯಂತ್ರದಲ್ಲಿ ಓಡಬೇಕು. ಒಂದಕ್ಕೆ ಬೇಕಾದ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಇನ್ನೊಂದಕ್ಕೆ ಆಗಿಬರುವುದಿಲ್ಲ. ಈ ಜಗಳ ಬಿಡಿಸುವುದೇ ಕಂಟೇನರ್.

ಕಂಟೇನರ್ ಎಂದರೆ ಬುತ್ತಿ ಕಟ್ಟಿಕೊಂಡೇ ಬಂದ ನೆಂಟನ ಹಾಗೆ. ಬೇಕಾದ ಲೈಬ್ರರಿ, ಫೈಲುಗಳನ್ನೆಲ್ಲ ಜೊತೆಗೇ ತಂದಿರುತ್ತದೆ. ಮನೆಯವರಿಂದ ಕೇಳುವುದು ಲಿನಕ್ಸ್ ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಇಷ್ಟನ್ನೇ. ಹೀಗೆ ಓಡುವ ಒಂದೊಂದು ಕೆಲಸಕ್ಕೆ ವರ್ಕ್‌ಲೋಡ್ ಎನ್ನುತ್ತಾರೆ.

ಸರಿ, ಯಾವುದು ಮೊದಲು ಏಳಬೇಕು? ಒಂದು ಬಿದ್ದರೆ ಎಬ್ಬಿಸುವವರು ಯಾರು? ಡೇಟಾ ಸೆಂಟರ್‌ಗಳಲ್ಲಿ ಈ ಮೇಸ್ತ್ರಿಕೆ ಕುಬರ್ನೆಟಿಸ್‌ನದು. ಅದನ್ನೇ ಕಾರಿಗೂ ಹಾಕಬಾರದೇ ಎಂದು ನೀವು ಕೇಳಬಹುದು. ನನಗೆ ಅದು ಸರಿಯೆನಿಸುವುದಿಲ್ಲ. ಡೇಟಾ ಸೆಂಟರ್‌ನಲ್ಲಿ ಒಂದು ಯಂತ್ರ ಕೆಟ್ಟರೆ ಕೆಲಸವನ್ನು ಪಕ್ಕದ್ದಕ್ಕೆ ದಾಟಿಸಬಹುದು. ಕಾರಿನಲ್ಲಿ ಕ್ಯಾಮೆರಾದ ತಂತಿ ಹೋಗಿ ಸೇರುವುದೇ ಒಂದು ಕಂಪ್ಯೂಟರ್‌ಗೆ. ಆ ಕೆಲಸವನ್ನು ಎಲ್ಲಿಗೆಂದು ದಾಟಿಸುತ್ತೀರಿ? ಮೆಮೊರಿಯೂ ಅಲ್ಲಿ ಅಷ್ಟಕ್ಕಷ್ಟೆ. ಕೀಲಿ ತಿರುಗಿಸಿದೊಡನೆ ಎಲ್ಲ ಏಳಬೇಕು. ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋದರೂ ನಡೆಯಬೇಕು.

ಇದಕ್ಕೆಂದೇ ಮಾಡಿದ್ದು ಎಕ್ಲಿಪ್ಸ್ ಅಂಕಾಯೋಸ್. ಎಲೆಕ್ಟ್ರೋಬಿಟ್ ಕಂಪನಿ ಶುರುಮಾಡಿದ ಈ ತಂತ್ರಾಂಶ ಈಗ ಎಕ್ಲಿಪ್ಸ್ ಫೌಂಡೇಶನ್‌ನ ಮುಕ್ತ ಯೋಜನೆ. ಬರೆದಿರುವುದು ರಸ್ಟ್ ಭಾಷೆಯಲ್ಲಿ. ಇದರಲ್ಲಿ ಒಂದು ಸರ್ವರ್ ಇರುತ್ತದೆ, ಪ್ರತಿ ಕಂಪ್ಯೂಟರ್‌ಗೂ ಒಂದು ಏಜೆಂಟ್ ಇರುತ್ತದೆ. ಏನೇನು ಓಡಬೇಕು ಎಂಬುದನ್ನು ಮ್ಯಾನಿಫೆಸ್ಟ್ ಎಂಬ, ಯಾಮಲ್ ರೂಪದ ಸಾದಾ ಪಠ್ಯದ ಫೈಲಿನಲ್ಲಿ ಬರೆದಿಡುತ್ತೀರಿ. ಸರ್ವರ್ ಅದನ್ನು ಓದಿ ಏಜೆಂಟ್‌ಗಳಿಗೆ ಕೆಲಸ ಹಂಚುತ್ತದೆ. ಏಜೆಂಟ್ ಪಾಡ್‌ಮನ್ ಎಂಬ ಸಲಕರಣೆಯಿಂದ ಕಂಟೇನರನ್ನು ಎಬ್ಬಿಸುತ್ತದೆ.

ವೇಗ ತೋರಿಸುವ ಒಂದು ಪ್ರೋಗ್ರಾಂ ಇದೆ ಎನ್ನಿ. ಅದಕ್ಕೆ ಅಂಕಿ ಕೊಡುವುದು ಕಾರಿನ ಸಿಗ್ನಲ್‌ಗಳನ್ನು ಒಂದೆಡೆ ಸೇರಿಸುವ ‘ಡೇಟಾಬ್ರೋಕರ್’. ಮ್ಯಾನಿಫೆಸ್ಟ್‌ನಲ್ಲಿ ಪ್ರತಿ ವರ್ಕ್‌ಲೋಡ್‌ನ ಹೆಸರಿನ ಕೆಳಗೆ ಅದು ಯಾವ ಏಜೆಂಟ್‌ಗೆ ಸೇರಿದ್ದು, ಅದರ ಇಮೇಜ್, ಅಂದರೆ ಕಂಟೇನರಿನ ಅಚ್ಚು, ಯಾವುದು ಎಂದು ಬರೆಯುತ್ತೀರಿ. ಡೇಟಾಬ್ರೋಕರ್ ಓಡುತ್ತಿದ್ದರೆ ಮಾತ್ರ ವೇಗದ ಪ್ರೋಗ್ರಾಂ ಏಳಲಿ ಎಂಬ ಷರತ್ತನ್ನು ‘ಡಿಪೆಂಡೆನ್ಸೀಸ್’ ಸಾಲಿನಲ್ಲಿ ಹಾಕುತ್ತೀರಿ. ನಿಂತುಹೋದರೆ ಏನು ಮಾಡಬೇಕೆಂಬುದಕ್ಕೆ ‘ರಿಸ್ಟಾರ್ಟ್ ಪಾಲಿಸಿ’ ಇದೆ: ‘ಆಲ್ವೇಸ್’ ಎಂದರೆ ಪ್ರತಿ ಸಲ ಎಬ್ಬಿಸು, ‘ಆನ್ ಫೇಲ್ಯೂರ್’ ಎಂದರೆ ತಪ್ಪಾಗಿ ನಿಂತರೆ ಮಾತ್ರ, ‘ನೆವರ್’ ಎಂದರೆ ಬಿಟ್ಟುಬಿಡು. ಆವೃತ್ತಿ ಬದಲಿಸಬೇಕೆಂದರೆ ಇಮೇಜ್‌ನ ಸಾಲನ್ನು ತಿದ್ದಿ ‘ಅಂಕ್ ಅಪ್ಲೈ’ ಎಂಬ ಆದೇಶ ಕೊಟ್ಟರೆ ಸಾಕು.

ಮೇಸ್ತ್ರಿಯಾದ ಅಂಕಾಯೋಸೇ ಮಲಗಿಬಿಟ್ಟರೆ? ಪಾಡ್‌ಮನ್‌ಗೆ ಸದಾ ಎಚ್ಚರವಿರಬೇಕಾದ ಡೀಮನ್, ಅಂದರೆ ಹಿನ್ನೆಲೆಯ ಕಾವಲು ಪ್ರೋಗ್ರಾಂ, ಬೇಕಿಲ್ಲ. ಹಾಗಾಗಿ ಆಗಲೇ ಓಡುತ್ತಿರುವ ಕಂಟೇನರ್‌ಗಳು ಓಡುತ್ತಲೇ ಇರುತ್ತವೆ.

ಬ್ರೇಕ್ ಕೂಡ ಇದರಡಿಯೇ ಎಂಬ ಭಯ ಬೇಡ. ಬ್ರೇಕ್, ಏರ್‌ಬ್ಯಾಗ್‌ಗಳಿಗೆ ಐಎಸ್‌ಒ 26262 ಸುರಕ್ಷಾ ಮಾನದಂಡಕ್ಕೆ ತಕ್ಕ ಬೇರೆಯೇ ನಿಯಂತ್ರಕಗಳಿವೆ. ಹೊಸ ಇಮೇಜನ್ನು ಗಾಳಿಯಲ್ಲಿ ಕಾರಿನವರೆಗೆ ತಲುಪಿಸುವ ಒಟಿಎ ಕೆಲಸಕ್ಕೂ ಬೇರೆ ತಂತ್ರಾಂಶ ಬೇಕು. ಯುರೋಪ್‌ನಲ್ಲಿ ಮಾರುವ ಕಾರಾದರೆ ಅಪ್‌ಡೇಟ್‌ಗೆ ವಿಶ್ವಸಂಸ್ಥೆಯ ಆರ್156 ನಿಯಮವನ್ನೂ ಪಾಲಿಸಬೇಕು. ಇವಕ್ಕೆ ಬೇಕಾದ ಪರೀಕ್ಷೆ, ಪ್ರಮಾಣಪತ್ರಗಳಿಗೂ ಖರ್ಚು ಬೀಳುತ್ತದೆ.

ಅಂಕಾಯೋಸ್‌ಗೆ ಹಣ ಕೊಡಬೇಕಿಲ್ಲ, ಅಪಾಚೆ 2.0 ಪರವಾನಗಿಯಡಿ ಗಿಟ್‌ಹಬ್‌ನಲ್ಲಿ ಸಿಗುತ್ತದೆ. ಬೆಂಗಳೂರಿನ ಬಾಷ್, ಮರ್ಸಿಡಿಸ್ ಬೆಂಜ್‌ನಂಥ ಕಡೆ ವಾಹನ ತಂತ್ರಾಂಶದ ಕೆಲಸ ಹುಡುಕುವ ಹುಡುಗ ಹುಡುಗಿಯರು ಮನೆಯಲ್ಲೇ ಕೂತು ಕಲಿಯಬಹುದು. ಕಾರು ಬೇಕಿಲ್ಲ, ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪ್ ಸಾಕು. ಮೊದಲು ಪಾಡ್‌ಮನ್ ಹಾಕಿಕೊಳ್ಳಿ, ಆಮೇಲೆ ಅಂಕಾಯೋಸ್. ‘ಆಲ್ವೇಸ್’ ಪಾಲಿಸಿಯ ಒಂದು ವರ್ಕ್‌ಲೋಡ್ ಓಡಿಸಿ, ‘ಪಾಡ್‌ಮನ್ ಕಿಲ್’ ಕೊಟ್ಟು ಬೇಕೆಂದೇ ಕೆಡವಿ. ಕೂಡಲೇ ‘ಅಂಕ್ ಗೆಟ್ ವರ್ಕ್‌ಲೋಡ್ಸ್’ ಎಂದು ಕೇಳಿ ಸ್ಥಿತಿ ನೋಡಿ. ಏಳಲಿಲ್ಲವಾದರೆ ಮ್ಯಾನಿಫೆಸ್ಟ್‌ನಲ್ಲಿ ಸಾಲುಗಳ ಮುಂದಿನ ಖಾಲಿ ಜಾಗವನ್ನೇ ಮೊದಲು ಎಣಿಸಿ. ಈ ಯಾಮಲ್ ಫೈಲುಗಳಲ್ಲಿ ಒಂದು ಸ್ಪೇಸ್ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ.