ಬಡ್ಡಿ ಕೊಡದೆ ಮನೆ ಕೊಳ್ಳೋಕೆ ಆಗುತ್ತಾ?

ಒಳ್ಳೇ ಸಂಬಳ, ಒಳ್ಳೇ ಸಿಬಿಲ್ ಸ್ಕೋರು. ಬ್ಯಾಂಕಿನವರೇ ಫೋನ್ ಮಾಡಿ ಹೋಮ್ ಲೋನ್ ಕೊಡ್ತೀವಿ ಅಂತಾರೆ. ಆದರೂ ಬೆಂಗಳೂರಲ್ಲಿ ಕೆಲಸ ಮಾಡೋ ಎಷ್ಟೋ ಮುಸ್ಲಿಂ ಯುವಕ ಯುವತಿಯರು ಬಾಡಿಗೆ ಮನೆ ಬಿಟ್ಟು ಕದಲಲ್ಲ. ಇಸ್ಲಾಮಿನಲ್ಲಿ ಬಡ್ಡಿ ತಗೊಳ್ಳೋದಷ್ಟೇ ಅಲ್ಲ, ಕೊಡೋದೂ ನಿಷಿದ್ಧ. ಹಾಗಿದ್ದಾಗ ಇಪ್ಪತ್ತು ವರ್ಷದ ಇಎಂಐಗೆ ಸಹಿ ಹಾಕೋದು ಅವರಿಗೆ ಬರೀ ಲೆಕ್ಕಾಚಾರದ ವಿಷಯವಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ದಾರಿ ಇದೆ. ಅಲ್ಲಿನ ಇಸ್ಲಾಮಿಕ್ ಬ್ಯಾಂಕು ಸಾಲ ಕೊಡಲ್ಲ, ನಿಮ್ಮ ಜೊತೆ ಸೇರಿ ಮನೆ ಕೊಳ್ಳುತ್ತೆ. ನಮ್ಮ ರೂಪಾಯಿಯಲ್ಲೇ ಲೆಕ್ಕ ಹಾಕೋಣ. ಮನೆ ಬೆಲೆ 60 ಲಕ್ಷ. ನೀವು 12 ಲಕ್ಷ ಹಾಕ್ತೀರಿ, ಬ್ಯಾಂಕು 48 ಲಕ್ಷ. ಮನೆಯ ತಿಂಗಳ ಬಾಡಿಗೆ 20,000 ಅಂದರೆ, ಬ್ಯಾಂಕಿನ ಪಾಲಿಗೆ ನೀವು 16,000 ಕೊಟ್ಟು ವಾಸ ಮಾಡ್ತೀರಿ. ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಅದರ ಪಾಲನ್ನೂ ಕೊಳ್ತೀರಿ. 6 ಲಕ್ಷದ ಪಾಲು ಕೊಂಡರೆ ಬಾಡಿಗೆ 2,000 ಇಳಿಯುತ್ತೆ. ಕೊನೆಗೆ ಮನೆ ಪೂರ್ತಿ ನಿಮ್ಮದು.

ಬಾಡಿಗೆ ಅಂತ ಹೆಸರಿಟ್ಟ ಬಡ್ಡಿ ತಾನೇ ಇದು ಅಂತ ಕೇಳೋರಿದ್ದಾರೆ. ಪ್ರಶ್ನೆ ತಪ್ಪಲ್ಲ, ಎಷ್ಟೋ ಕಡೆ ಬಾಡಿಗೆಯನ್ನ ಮಾರುಕಟ್ಟೆಯ ಬಡ್ಡಿದರ ನೋಡಿಯೇ ನಿಗದಿ ಮಾಡ್ತಾರೆ. ವ್ಯತ್ಯಾಸ ಇರೋದು ಮಾಲೀಕತ್ವದಲ್ಲಿ. ಮನೆ ಸುಟ್ಟುಹೋದರೂ ಸಾಲ ಹಾಗೇ ಉಳಿಯುತ್ತೆ, ಆದರೆ ಇಲ್ಲದ ಮನೆಗೆ ಬಾಡಿಗೆ ಕೇಳೋ ಹಾಗಿಲ್ಲ. ಈ ವ್ಯವಸ್ಥೆಯಲ್ಲಿ ಮನೆ ಎರಡು ಸಲ ಕೈ ಬದಲಾಗೋದರಿಂದ ಮೊದಲು ಸ್ಟಾಂಪ್ ಡ್ಯೂಟಿಯೂ ಎರಡು ಸಲ ಬೀಳ್ತಿತ್ತು. ಬ್ರಿಟನ್ ಸರ್ಕಾರ 2003ರಲ್ಲಿ ಅದನ್ನ ತೆಗೆದುಹಾಕಿತು.

ನಮ್ಮ ಬ್ಯಾಂಕುಗಳು ಹೀಗೆ ಮಾಡೋಕೆ ಕಾನೂನೇ ಬಿಡಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆ ಪ್ರಕಾರ ಬ್ಯಾಂಕು ವಸ್ತುಗಳ ವ್ಯಾಪಾರ ಮಾಡೋ ಹಾಗಿಲ್ಲ, ಸ್ವಂತ ಬಳಕೆಗಲ್ಲದ ಸ್ಥಿರಾಸ್ತಿಯನ್ನ ಬಹಳ ವರ್ಷ ಇಟ್ಟುಕೊಳ್ಳೋ ಹಾಗೂ ಇಲ್ಲ. ರಘುರಾಮ್ ರಾಜನ್ ಸಮಿತಿ 2008ರಲ್ಲಿ ಬಡ್ಡಿರಹಿತ ಬ್ಯಾಂಕಿಂಗ್ ಬೇಕು ಅಂತ ಹೇಳಿತ್ತು. ಆ ಪ್ರಸ್ತಾವ ಮುಂದುವರಿಸಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಈ ಖಾಲಿ ಜಾಗಕ್ಕೆ ನುಗ್ಗಿದವರ ಕಥೆ ಬೆಂಗಳೂರಿಗೆ ಚೆನ್ನಾಗಿ ಗೊತ್ತು. ಹಲಾಲ್ ಲಾಭದ ಮಾತಾಡಿ ಹಣ ಸಂಗ್ರಹಿಸಿದ್ದ ಐಎಂಎ 2019ರಲ್ಲಿ ಮುಳುಗಿದಾಗ ಸಾವಿರಾರು ಮನೆಗಳ ಉಳಿತಾಯ ಅದರ ಜೊತೆ ಹೋಯಿತು.

ಇನ್ನು ಲೀಸ್, ಅಂದರೆ ಭೋಗ್ಯ. ಹತ್ತು ಲಕ್ಷ ಕೊಟ್ಟು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಹತ್ತು ಲಕ್ಷ ವಾಪಸ್ ತಗೊಳ್ಳೋದು. ಇದರಲ್ಲಿ ಬಡ್ಡಿ ಎಲ್ಲಿದೆ ಅನ್ನಿಸುತ್ತೆ ಅಲ್ವಾ? ಆದರೆ ಕೊಟ್ಟ ಸಾಲದ ಮೇಲೆ ಸಿಗೋ ಲಾಭವೇ ಆ ಪುಕ್ಕಟೆ ವಾಸ ಅಂತ ಹಲವು ಉಲೇಮಾಗಳು ಇದನ್ನೂ ಒಪ್ಪಲ್ಲ.

ಹಾಗಾದರೆ ಉಳಿದಿದ್ದೇನು? ಮಾರೋರಿಗೇ ನೇರವಾಗಿ ಕಂತು ಕಟ್ಟೋದು. ನಗದಿಗೆ 50 ಲಕ್ಷ, ಐದು ವರ್ಷದ ಕಂತಿಗೆ 58 ಲಕ್ಷ ಅಂತ ಮೊದಲೇ ಮಾತಾಗಿ, ಒಂದು ಬೆಲೆ ಗಟ್ಟಿಯಾದರೆ ಬಹುಪಾಲು ವಿದ್ವಾಂಸರು ಅದನ್ನ ವ್ಯಾಪಾರ ಅಂತಲೇ ಒಪ್ತಾರೆ. ಕಂತು ತಡವಾಯಿತು ಅಂತ ಆಮೇಲೆ ಬೆಲೆ ಏರಿಸೋ ಹಾಗಿಲ್ಲ. ಕಟ್ಟುತ್ತಿರೋ ಅಪಾರ್ಟ್‌ಮೆಂಟಾದರೆ ಬಿಲ್ಡರ್ ಕರಾರಿನಲ್ಲಿ ಕಂತು ತಪ್ಪಿದರೆ ಬಡ್ಡಿ ಅನ್ನೋ ಸಾಲು ಇದ್ದೇ ಇರುತ್ತೆ, ರೇರಾ ಕಾಯ್ದೆಯಲ್ಲೂ ಅದಿದೆ. ಕೈಯಲ್ಲಿ ಸ್ವಲ್ಪ ಹಣ ಉಳಿಸಿಕೊಂಡೇ ಸಹಿ ಹಾಕಿ. ಕ್ರಯದ ಕರಾರು ನೋಂದಣಿ ಆಗೋ ಮುಂಚೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಕೇಳೋ ಅಧಿಕಾರ ಬಿಲ್ಡರ್‌ಗೆ ಇಲ್ಲ, ನೆನಪಿರಲಿ.

ಇನ್ನೊಂದು ದಾರಿ ಮನೆಯವರ ಜೊತೆ ಪಾಲು. ಅಣ್ಣನೋ ಚಿಕ್ಕಪ್ಪನೋ ಬ್ಯಾಂಕಿನ ಜಾಗದಲ್ಲಿ ನಿಲ್ತಾರೆ, ನೀವು ಅವರ ಪಾಲಿಗೆ ಬಾಡಿಗೆ ಕೊಡ್ತಾ ನಿಧಾನಕ್ಕೆ ಕೊಳ್ತೀರಿ. ನಮ್ಮೋರೇ ತಾನೇ ಅಂತ ಬಾಯಿಮಾತಲ್ಲಿ ಬಿಡಬೇಡಿ. ಯಾರ ಪಾಲು ಎಷ್ಟು, ಯಾವ ಬೆಲೆಗೆ ಬಿಟ್ಟುಕೊಡ್ತಾರೆ ಅನ್ನೋದನ್ನ ವಕೀಲರ ಹತ್ತಿರ ಬರೆಸಿ, ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ನಡುವೆ ಅಣ್ಣನಿಗೇನಾದರೂ ಆದರೆ, ನೀವಿನ್ನೂ ಕೊಳ್ಳದ ಪಾಲು ಅತ್ತಿಗೆಗೆ, ಮಕ್ಕಳಿಗೆ, ಬದುಕಿದ್ದರೆ ತಂದೆ ತಾಯಿಗೆ ಹಂಚಿಹೋಗುತ್ತೆ. ಆಮೇಲೆ ಮಾತಾಡಬೇಕಾದ್ದು ಅಷ್ಟೂ ಜನರ ಜೊತೆ.