ಕಾರಿನ ಬಾಗಿಲಲ್ಲಿ ನಿಂತವರು ಯಾರು?

ಒಮಾನಿನ ಅಲ್ ಹೈಲ್‌ಗೆ ಬಂದ ಮೇಲೆ ಕೊಂಡ ಮೊದಲ ಸೆಕೆಂಡ್‌ಹ್ಯಾಂಡ್ ಕಾರಿನ ಫೋಟೊವನ್ನು ಕುಂದಾಪುರಕ್ಕೆ ಕಳಿಸಿದ್ದೆ. ಹೆಂಡತಿಯ ತಮ್ಮನಿಂದ ಕೂಡಲೇ ಉತ್ತರ ಬಂತು: "ಕಾರ್ ಲಾಯ್ಕ್ ಇತ್ತ್ ಭಾವ. ಬಾಗ್ಲಂಗೆ ನಿಂತದ್ದ್ ಯಾರ್?"

ಹಿಗ್ಗಿಸಿ ನೋಡಿದರೆ ನಾನೇ. ಹಳದಿ ಟೀ ಶರ್ಟು, ಮೇಲೆತ್ತಿದ ಎರಡು ಮೊಣಕೈ, ನನ್ನ ಬೆನ್ನ ಹಿಂದಿನ ಮನೆಯ ಕಾಂಪೌಂಡು, ಅದರಾಚೆ ನೀರಿನ ಟ್ಯಾಂಕು, ಎಲ್ಲವೂ ಆ ಕಡುನೀಲಿ ಬಾಗಿಲ ಮೇಲೆ ಅಚ್ಚೊತ್ತಿದ್ದವು. ತೆಗೆಯುವಾಗ ಒಂದೂ ಕಣ್ಣಿಗೆ ಬಿದ್ದಿರಲಿಲ್ಲ.

ಕಾರಿನ ಫೋಟೊ ಕಲಿಯಲು ಹೊರಟವರಿಗೆ ಅರ್ಧ ಪಾಠ ಆ ಪ್ರಶ್ನೆಯಲ್ಲೇ ಇದೆ. ಕಾರೆಂದರೆ ನಾಲ್ಕು ಚಕ್ರದ ಮೇಲೆ ನಿಂತ ಡೊಂಕು ಕನ್ನಡಿ. ಬಾನೆಟ್ಟು ಆಕಾಶವನ್ನು ಹಿಡಿಯುತ್ತದೆ, ಬಾಗಿಲು ಎದುರಿಗಿರುವುದನ್ನು, ಬಂಪರ್ ನೆಲವನ್ನು. ಹಾಗಾಗಿ ಕ್ಯಾಮೆರಾ ಎತ್ತುವ ಮೊದಲು ಒಮ್ಮೆ ಕಾರಿಗೆ ಬೆನ್ನು ಹಾಕಿ, ಅದರ ಎದುರು ಏನೇನಿದೆ ನೋಡಿ. ಅದಷ್ಟೂ ಫೋಟೊದೊಳಗೆ ಬರುತ್ತದೆ. ಬಟ್ಟೆ ಕಪ್ಪೋ ಬೂದೋ ಇದ್ದರೆ ನೀವು ಬಂದರೂ ಅಷ್ಟಾಗಿ ಕಾಣುವುದಿಲ್ಲ.

ಈ ಕನ್ನಡಿಗೆ ಅಲ್ ಹೈಲ್ ಒಳ್ಳೆಯ ಊರು. ಮಸ್ಕತ್‌ನ ಸೀಬ್ ವಿಲಾಯತ್ತಿಗೆ (ಜಿಲ್ಲೆಗೆ) ಸೇರಿದ ಇದನ್ನು ಸುಲ್ತಾನ್ ಖಾಬೂಸ್ ಹೆದ್ದಾರಿ ಉತ್ತರ, ದಕ್ಷಿಣ ಎಂದು ಸೀಳಿದೆ. ಉತ್ತರದ ತುದಿಗೆ ಒಮಾನ್ ಕೊಲ್ಲಿ, ದಕ್ಷಿಣಕ್ಕೆ ದೂರದಲ್ಲಿ ಬೋಳು ಗುಡ್ಡಗಳು. ನಮ್ಮ ಕರಾವಳಿಯವರು ಇಲ್ಲೊಂದು ಲೆಕ್ಕ ತಪ್ಪುತ್ತಾರೆ. ಮಲ್ಪೆಯಲ್ಲಿ, ಮರವಂತೆಯಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಲ್ಲಿನ ಕಡಲು ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದ ಸೂರ್ಯ ನೆಲದ ಕಡೆಗೇ ಮುಳುಗುತ್ತಾನೆ. ಕಡಲ ಹಿನ್ನೆಲೆಯಲ್ಲಿ ಕೆಂಪು ಸೂರ್ಯ ಸಿಗಲಿಲ್ಲ ಎಂದು ನಾನೂ ಮೊದಲು ಬೇಸರಪಟ್ಟವನೇ. ಆದರೆ ಕಾರಿಗೆ ಇದೇ ಅನುಕೂಲ. ಬೀಚ್ ರಸ್ತೆಯ ಪಕ್ಕ, ಕಡಲಿಗೆ ಸಮಾನಾಂತರವಾಗಿ ಕಾರು ನಿಲ್ಲಿಸಿ, ನೆಲದ ಕಡೆಯಿಂದ ತೆಗೆಯಿರಿ. ಹಿನ್ನೆಲೆಯಲ್ಲಿ ಮಬ್ಬು ನೀಲಿ ಕಡಲು, ನಿಮ್ಮ ಬೆನ್ನ ಹಿಂದೆ ಬೆಳಗುತ್ತಿರುವ ಪಡುವಣ ಬಾನು. ಸೂರ್ಯ ಮುಳುಗಿದ ಮೇಲಿನ ಹತ್ತಿಪ್ಪತ್ತು ನಿಮಿಷ ಆ ಬಾನೇ ಸ್ಟುಡಿಯೊದ ದೊಡ್ಡ ದೀಪದಂತೆ ಬಾಗಿಲುಗುಂಟ ಮೆತ್ತಗೆ ಬೆಳಕು ಹರಿಸುತ್ತದೆ. ಬಾಗಿಲ ಮಧ್ಯೆ ಕಪ್ಪು ಗೆರೆಯೊಂದು ಅಂಕುಡೊಂಕಾಗಿ ಓಡಿದರೆ ಅದು ನಿಮ್ಮ ಹಿಂದಿರುವ ವಿಲ್ಲಾಗಳ ಸಾಲು. ಕಾರನ್ನು ಖಾಲಿ ಸೈಟಿನ ಎದುರಿಗೆ ಸರಿಸಿದರೆ ಗೆರೆ ಕೆಳಗಿಳಿದು ನೇರವಾಗುತ್ತದೆ. ಮರಳಿಗೆ ಮಾತ್ರ ಇಳಿಸಬೇಡಿ. ಹೂತ ಕಾರನ್ನು ಎಳೆಸುವ ಹೊತ್ತಿಗೆ ಬೆಳಕು ಹೋಗಿರುತ್ತದೆ.

ಡಿಸೆಂಬರಿನಲ್ಲಿ ಸೂರ್ಯಾಸ್ತ ಸಂಜೆ 5.20ರ ಸುಮಾರಿಗೆ, ಜೂನ್‌ನಲ್ಲಿ 7ಕ್ಕೆ ಸ್ವಲ್ಪ ಮೊದಲು. ಆಫೀಸು ಬಿಟ್ಟು ಬರುವವರಿಗೆ ಚಳಿಗಾಲದ ಬೆಳಕು ಕೈಗೆ ಸಿಗುವುದು ರಜೆಯ ಶುಕ್ರವಾರ, ಶನಿವಾರ ಮಾತ್ರ. ಮಧ್ಯಾಹ್ನವನ್ನಂತೂ ಮರೆತುಬಿಡಿ. ಮಸ್ಕತ್ ಕರ್ಕಾಟಕ ವೃತ್ತದ ಪಕ್ಕದಲ್ಲೇ ಇದೆ. ಜೂನ್ ನಡುಹಗಲಿಗೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ರೂಫು ಉರಿಯುತ್ತದೆ, ಪಕ್ಕದ ಮೈ ಕತ್ತಲು. ಊರಿಗೆ ಮರಳುವವರು ಕಾರು ಮಾರಲು ಹಾಕುವ ಫೋಟೊಗಳು ಹೆಚ್ಚಾಗಿ ಇದೇ ಹೊತ್ತಿನವು.

ಇಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ಬಿಳಿ ಲ್ಯಾಂಡ್ ಕ್ರೂಸರು, ಬಿಳಿ ಪ್ಯಾಟ್ರೋಲು. ಬಿಳಿ ಕಾರು ಫ್ರೇಮಿನ ತುಂಬ ಬಂದರೆ ಫೋಟೊ ಮಂಕಾಗುವುದಕ್ಕೆ ಕಾರಣವಿದೆ. ಕ್ಯಾಮೆರಾ ತನ್ನೆದುರು ಇರುವುದೆಲ್ಲ ಸರಾಸರಿಗೆ ಬೂದು ಬಣ್ಣದ್ದು ಎಂದು ಎಣಿಸಿ ಬೆಳಕು ಅಳೆಯುತ್ತದೆ, ಬಿಳಿಯನ್ನೂ ಬೂದಿಗೆ ಎಳೆಯುತ್ತದೆ. ಮೊಬೈಲಿನಲ್ಲಿ ಕಾರನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ತುಸು ಮೇಲಕ್ಕೆ ಎಳೆಯಿರಿ. ಕ್ಯಾಮೆರಾದಲ್ಲಾದರೆ ಎಕ್ಸ್‌ಪೋಶರ್ ಅರ್ಧ ಸ್ಟಾಪ್ ಹೆಚ್ಚಿಸಿ. ಕಪ್ಪು ಕಾರಿಗೆ ಇದರ ತದ್ವಿರುದ್ಧ.

ಹೊಸಬರು ಕಾರಿನ ತೀರಾ ಹತ್ತಿರ ನಿಲ್ಲುತ್ತಾರೆ. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಮೂಗು ಉಬ್ಬಿ ಹಿಂಭಾಗ ಕುಗ್ಗಿ, ಕಾರು ಗೊದಮೊಟ್ಟೆಯಂತಾಗುತ್ತದೆ. ಹತ್ತು ಹೆಜ್ಜೆ ಹಿಂದೆ ಹೋಗಿ ಮೊಬೈಲಿನ 2 ಎಕ್ಸ್ ಅಥವಾ 3 ಎಕ್ಸ್ ಲೆನ್ಸ್ ಬಳಸಿ. ಕ್ಯಾಮೆರಾ ಇದ್ದವರಿಗೆ 85 ಮಿಲಿಮೀಟರ್ ಸಾಕು. ಮಂಡಿಯೂರಿ, ಲೆನ್ಸನ್ನು ಹೆಡ್‌ಲೈಟಿನ ಎತ್ತರಕ್ಕೆ ತನ್ನಿ. ಮುಂದಿನ ಎಡ ಮೂಲೆಯಿಂದ ತೆಗೆಯುವಾಗ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿಟ್ಟರೆ ಅಲಾಯ್ ವೀಲಿನ ಮುಖ ನಿಮ್ಮ ಕಡೆ ಹೊರಳುತ್ತದೆ. ಎಡಕ್ಕೆ ತಿರುಗಿಸಿದರೆ ಕಾಣುವುದು ಟೈರಿನ ಸವೆತ.

ಕೊಳ್ಳಲೇಬೇಕಾದ ವಸ್ತು ಒಂದಿದ್ದರೆ ಅದು ಪೋಲರೈಸರ್ ಫಿಲ್ಟರ್. ಗಾಜಿನಿಂದಲೂ ಪೇಂಟಿನ ಮೇಲಿನ ಪಾರದರ್ಶಕ ಲೇಪದಿಂದಲೂ ಓರೆಯಾಗಿ ಪುಟಿದ ಬೆಳಕಿನ ಕಂಪನ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿರುತ್ತದೆ. ಫಿಲ್ಟರನ್ನು ತಿರುಗಿಸುತ್ತ ಹೋದರೆ ಒಂದು ಹಂತದಲ್ಲಿ ಆ ಬೆಳಕಿಗೆ ತಡೆಬಿದ್ದು, ವಿಂಡ್‌ಶೀಲ್ಡಿನ ಮೇಲಿನ ಆಕಾಶ ಅಳಿಸಿಹೋಗಿ ಒಳಗಿನ ಸೀಟು ಕಾಣುತ್ತದೆ. ಲೋಹದ ಮಿಂಚು ಇದಕ್ಕೆ ಬಗ್ಗುವುದಿಲ್ಲ, ಕ್ರೋಮ್ ಗ್ರಿಲ್ ಹಾಗೇ ಉಳಿಯುತ್ತದೆ. ಕಾರಿನ ಮೈ ಬಾಗಿದ್ದರಿಂದ ಗಾಜು ತಿಳಿಯಾದಾಗ ಬಾಗಿಲು ಹೊಳೆಯುವುದೂ ಉಂಟು. ಬಲ್ಲವರು ಟ್ರೈಪಾಡ್ ಕದಲಿಸದೆ, ಫಿಲ್ಟರ್ ಮಾತ್ರ ತಿರುಗಿಸಿ, ಎರಡು ಸಲ ತೆಗೆದು ಆಮೇಲೆ ಕೂಡಿಸುತ್ತಾರೆ. ಪ್ರತಿಬಿಂಬವನ್ನು ಪೂರ್ತಿ ಅಳಿಸಲು ಹೋಗಬೇಡಿ, ಕಾರು ಜೇಡಿಮಣ್ಣಿನಿಂದ ಮಾಡಿದಂತೆ ಸಪ್ಪೆಯಾಗುತ್ತದೆ.

ಓಡುವ ಕಾರನ್ನು ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಹಿಡಿದರೆ ರಸ್ತೆ ನಡುವೆ ಪಾರ್ಕ್ ಮಾಡಿದಂತೆ ಕಾಣುತ್ತದೆ. ಶಟರನ್ನು 1/60ಕ್ಕೆ ಇಳಿಸಿ, ಕಾರಿನ ಜತೆಗೇ ಸೊಂಟ ತಿರುಗಿಸುತ್ತ ಒತ್ತಿ. ಕಾರು ನಿಂತು ಹಿನ್ನೆಲೆ ಓಡುತ್ತದೆ. ಇಪ್ಪತ್ತು ಫೋಟೊಗಳಲ್ಲಿ ಎರಡು ಸಿಕ್ಕರೆ ಪುಣ್ಯ. ಫ್ರಾನ್ಸಿನ ಛಾಯಾಗ್ರಾಹಕ ಲಾರ್ಟಿಗ್ 1912ರ ಸುಮಾರಿಗೆ, ಇನ್ನೂ ಹದಿಹರೆಯದವನಿದ್ದಾಗ, ರೇಸ್ ಕಾರನ್ನು ಹೀಗೆ ಹಿಂಬಾಲಿಸಿ ತೆಗೆದ. ಶಟರಿನ ಸೀಳು ಗಾಜಿನ ಫಲಕವನ್ನು ದಾಟುವಷ್ಟರಲ್ಲಿ ಕಾರು ಮುಂದೆ ಹೋಗಿದ್ದರಿಂದ ಚಕ್ರ ಮೊಟ್ಟೆಯಾಕಾರಕ್ಕೆ ವಾಲಿತು, ಬದಿಯ ಪ್ರೇಕ್ಷಕರು ಇನ್ನೊಂದು ಕಡೆಗೆ ವಾಲಿದರು. ಆ ತಪ್ಪೇ ಇಂದು ಜಗತ್ಪ್ರಸಿದ್ಧ. ಮೊಬೈಲ್ ಸೆನ್ಸರೂ ಸಾಲುಸಾಲಾಗಿಯೇ ಓದುವುದರಿಂದ ಈಗಲೂ ಚಕ್ರದ ಕಡ್ಡಿಗಳು ಬಾಗುತ್ತವೆ. ಈ ಅಭ್ಯಾಸಕ್ಕೆ ಒಳರಸ್ತೆಯ ಫುಟ್‌ಪಾತ್ ಸಾಕು, ಹೆದ್ದಾರಿಗೆ ಹೋಗಬೇಡಿ.

ಒಮಾನಿನಲ್ಲಿ ಡ್ರೋನ್ ಹಾರಿಸಲು ನಾಗರಿಕ ವಿಮಾನಯಾನ ಪ್ರಾಧಿಕಾರದ ಪರವಾನಗಿ ಬೇಕು. ವಿಮಾನ ನಿಲ್ದಾಣವೂ ಹತ್ತಿರದಲ್ಲೇ ಇದೆ. ಅನುಮತಿಯಿಲ್ಲದೆ ಜನರ ಖಾಸಗಿತನಕ್ಕೆ ಕ್ಯಾಮೆರಾ ತೂರಿಸುವುದು 2011ರ ಸೈಬರ್ ಅಪರಾಧ ಕಾನೂನಿನಡಿ ಅಪರಾಧ. ಮನೆಗಳ ಗೇಟು, ಹೆಂಗಸರು, ಮಕ್ಕಳು ಫ್ರೇಮಿನಲ್ಲಿದ್ದರೆ ಕಾಯಿರಿ. ಬೇರೆಯವರ ಕಾರಾದರೆ ಒಂದು ಸಲಾಂ ಹೇಳಿ ಕೇಳಿದರಾಯಿತು. ಹೆಚ್ಚಿನವರು ಖುಷಿಯಿಂದ ಒಪ್ಪುತ್ತಾರೆ. ಹಳದಿ ನಂಬರ್ ಪ್ಲೇಟನ್ನು ಹಂಚಿಕೊಳ್ಳುವ ಮೊದಲು ಮಸುಕು ಮಾಡಿ.

ಬೇಸಿಗೆಯಲ್ಲಿ ಕೊನೆಯದೊಂದು ಕಾಟ. ಎಸಿ ಕೋಣೆಯಿಂದ ಕಡಲ ಸೆಕೆಗೆ ಕ್ಯಾಮೆರಾ ತಂದೊಡನೆ ಲೆನ್ಸ್ ಮೇಲೆ ಹಬೆ ಕೂರುತ್ತದೆ, ಒರೆಸಿದಷ್ಟೂ ಮತ್ತೆ. ಅರ್ಧ ಗಂಟೆ ಮೊದಲೇ ಬ್ಯಾಗಿನ ಸಮೇತ ಹೊರಗಿಡಿ. ಆ ಹೊತ್ತಿನಲ್ಲಿ ಕಾರಿನ ಧೂಳು ತೆಗೆಯಬಹುದು. ಒಣಬಟ್ಟೆಯಲ್ಲಿ ಉಜ್ಜಿದರೆ ಮರಳು ಪೇಂಟನ್ನು ಗೀರುತ್ತದೆ, ಮೊದಲು ನೀರು ಚಿಮುಕಿಸಿ ಮೈಕ್ರೋಫೈಬರ್ ಬಟ್ಟೆಯಿಂದ ಮೆಲ್ಲಗೆ ಎಳೆಯಿರಿ. ಹ್ಯಾಂಡಲ್ ಸುತ್ತಲಿನ ಬೆರಳಚ್ಚು, ಮಿರರಿಗೆ ನೇತುಹಾಕಿದ ಸೆಂಟಿನ ಕಾರ್ಡು ನೋಡಿಕೊಳ್ಳಿ. ಗಲ್ಫಿನ ಪ್ರತಿ ಕಾರಿನ ಡ್ಯಾಶ್‌ಬೋರ್ಡ್ ಮೇಲೂ ಇರುವ ಆ ಟಿಶ್ಯೂ ಡಬ್ಬಿಯನ್ನು ಡಿಕ್ಕಿಗೆ ಹಾಕಿ.